ಎರಡು ಹೆಸರಿನ ನನ್ನ ವಿದ್ಯಾರ್ಥಿನಿ

ಸತ್ತವರ ಬಗ್ಗೆ ಬರೆಯಲು ಕೂತರೆ ಸಾಕು, ಅವರು ತಾವಾಗಿಯೇ ಬುದ್ಧಿವಂತರೂ ಸದ್ಗುಣಿಗಳೂ ಆಗಿಬಿಡುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಈಕೆ ಬುದ್ಧಿವಂತೆಯಾಗಿರಲಿಲ್ಲ. ಜೀವಮಾನವೆಲ್ಲ ಗಣಿತ ಕಲಿಸಿದ ನಾನು ಕಂಡ ದಡ್ಡ ವಿದ್ಯಾರ್ಥಿಗಳ ಸಾಲಿನಲ್ಲಿ ಅವಳಿಗೆ ಮುಂದಿನ ಜಾಗವೇ ಸಿಗುತ್ತದೆ. ಮೇಲಾಗಿ ಜಗಳಗಂಟಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಿದ್ದಳೆಂದರೆ, ಅಲ್ಲಿ ತಹಸೀಲ್ದಾರರೇ ಬಂದು ಕೂತಿದ್ದರೂ ಎಬ್ಬಿಸುವವಳು. ಮೈಯಿಂದ ಸದಾ ಒಗ್ಗರಣೆಯ ವಾಸನೆ. ಮುಂದಿನ ಒಂದು ಹಲ್ಲು ಅರ್ಧ ಮುರಿದಿತ್ತು, ಹಾಗಾಗಿ ನಗುವಾಗ ಸೆರಗು ಬಾಯಿಗೆ ಹೋಗುತ್ತಿತ್ತು. ಹೋದ ಶ್ರಾವಣದಲ್ಲಿ ಡೆಂಗ್ಯೂ ಜ್ವರ ಬಂದು ಬೀದರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ನಾನು ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ಸೊಪ್ಪು ಅಲ್ಲೇ ಬಿಟ್ಟು ನೆಲದ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಯಜಮಾನರು ಗಾಬರಿಯಾಗಿ ನೀರು ತಂದುಕೊಟ್ಟರು.

ಅವಳ ಹೆಸರು ಬರೆಯುವುದಿಲ್ಲ. ಅವಳಿಗೆ ಎರಡು ಹೆಸರಿದ್ದವು, ಎರಡನ್ನೂ ಬರೆಯುವುದಿಲ್ಲ. ಊರನ್ನೂ ಹೇಳುವುದಿಲ್ಲ, ಮಂಠಾಳದ ಕಡೆಯ ಒಂದು ಹಳ್ಳಿ ಎಂದುಕೊಂಡರೆ ಸಾಕು.

ನಾನು ಹುಮನಾಬಾದಿನವಳು. ಅಲ್ಲಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರಾಗಿದ್ದೆ. ಶಾಲೆ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಬಿದ್ದ ದೊಡ್ಡವರು ಹತ್ತನೆಯ ತರಗತಿ ಪಾಸು ಮಾಡಿಕೊಳ್ಳಲಿ ಎಂದು ಸರ್ಕಾರ ಒಂದು ಕಾರ್ಯಕ್ರಮ ತಂದಾಗ, ಬಸವಕಲ್ಯಾಣದ ಭಾನುವಾರದ ಕ್ಲಾಸಿಗೆ ಗಣಿತ ಹೇಳುವವರು ಯಾರೂ ಸಿಗಲಿಲ್ಲವೆಂದು ನನ್ನನ್ನು ಹಾಕಿದರು. ವಾರಕ್ಕೊಂದೇ ರಜೆ, ಅದೂ ಹೋಯಿತೆಂಬ ಸಿಟ್ಟಿನಲ್ಲಿ ನಾನು ಬಸ್ಸು ಹತ್ತುತ್ತಿದ್ದೆ. ಹೆದ್ದಾರಿ ಬಿಟ್ಟು ಬಸ್ಸು ಕಲ್ಯಾಣದ ಕಡೆ ಹೊರಳುವಷ್ಟರಲ್ಲಿ ಸಿಟ್ಟು ಇಳಿದು ಹಸಿವು ಏರಿರುತ್ತಿತ್ತು. ಕ್ಲಾಸಿಗೆ ಬರುತ್ತಿದ್ದವರು ಬಸ್ ಡಿಪೋದಲ್ಲಿ ಕಸ ಹೊಡೆಯುವವರು, ಹೋಮ್‌ಗಾರ್ಡುಗಳು, ಪಂಚಾಯಿತಿಯಲ್ಲಿ ನೀರು ಬಿಡುವವರು, ಹಾಸ್ಟೆಲ್ಲುಗಳ ಅಡುಗೆಯವರು. ಜ್ಞಾನ ಸಂಪಾದನೆಗೆ ಬಂದವರು ಒಬ್ಬರೂ ಇರಲಿಲ್ಲ. ಹತ್ತನೆಯದು ಪಾಸಾಗಿದ್ದರೆ ಕೆಲಸ ಕಾಯಂ ಆಗುವ ದಾರಿ ಇತ್ತು, ಇಲ್ಲದಿದ್ದರೆ ಗುತ್ತಿಗೆದಾರನ ಮರ್ಜಿ. ಅಷ್ಟೇ ವಿಷಯ.

ಅವಳು ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಗುತ್ತಿಗೆಯ ಮೇಲೆ ಅಡುಗೆ ಮಾಡುತ್ತಿದ್ದಳು. ಹಾಸ್ಟೆಲ್ಲಿನ ಹಿಂದಿನ ಒಂದು ಕೋಣೆಯಲ್ಲಿ ಅವಳೂ, ಎಂಟನೆಯ ಇಯತ್ತೆಯ ಮಗಳೂ ಇರುತ್ತಿದ್ದರು. ಗಂಡ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ. ಕೆಲಸ ಹೋದರೆ ಆ ಕೋಣೆಯೂ ಹೋಗುತ್ತದೆ, ಮಗಳ ಶಾಲೆಯೂ ಹೋಗುತ್ತದೆ. ಪ್ರತಿ ಬೇಸಿಗೆಯಲ್ಲೂ ಗುತ್ತಿಗೆದಾರ ಬದಲಾದಾಗ ಇಬ್ಬರೋ ಮೂವರೋ ಅಡುಗೆಯವರನ್ನು ಬಿಡಿಸುತ್ತಿದ್ದರು. ಅವಳು ಪ್ರತಿ ಸಲವೂ ಜಗಳ ಮಾಡಿ ಉಳಿದುಕೊಳ್ಳುತ್ತಿದ್ದಳು. ಹಾಸ್ಟೆಲ್ಲುಗಳಿಗೆ ಕಾಯಂ ಅಡುಗೆಯವರನ್ನು ತೆಗೆದುಕೊಳ್ಳುತ್ತಾರಂತೆ, ಹತ್ತನೆಯದು ಪಾಸಾಗಿರಬೇಕಂತೆ ಎಂಬ ಸುದ್ದಿ ಬಂದ ವಾರವೇ ಅವಳು ಕ್ಲಾಸಿಗೆ ಬಂದಳು.

ಮೊದಲ ದಿನ ಹಾಜರಿ ಕರೆದೆ. ಅವಳ ಹೆಸರು ಕರೆದಾಗ ಯಾರೂ ಓಗೊಡಲಿಲ್ಲ. ಮತ್ತೆ ಕರೆದೆ. ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದಾಳೆ. ಪಕ್ಕದವಳು ತಿವಿದ ಮೇಲೆ ಎದ್ದು ನಿಂತಳು.

"ಕಿವಿ ಕೇಳೂದಿಲ್ಲೇನು ನಿಂಗ?" ಎಂದೆ.

"ಕೇಳ್ತದ್ರಿ ಟೀಚರ್. ಆ ಹೆಸರ್ಲೆ ಯಾರೂ ಕರದಿದ್ದಿಲ್ರಿ. ಮರ್ತೇ ಹೋಗಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯ ಹೆಸರು ಬದಲಿಸುವುದು ಹೊಸದೇನಲ್ಲ. ತಾಟಿನಲ್ಲಿ ಅಕ್ಕಿ ಹರವಿ, ಗಂಡಿನ ಕೈಗೆ ಉಂಗುರ ಕೊಟ್ಟು ಹೊಸ ಹೆಸರು ಬರೆಸುತ್ತಾರೆ. ಅಲ್ಲಿಗೆ ಹುಡುಗಿ ಅಪ್ಪನ ಮನೆಯ ಹೆಸರನ್ನು ಬಿಟ್ಟಂತೆ. ನನ್ನ ಮದುವೆಯಲ್ಲೂ ತಾಟು ತಂದಿದ್ದರು. ನನಗೆ ಆಗಲೇ ನೌಕರಿ ಸಿಕ್ಕಿತ್ತು, ಹೆಸರು ಬದಲಾದರೆ ಪಗಾರ ನಿಲ್ಲುತ್ತದೆ ಎಂದು ಯಾರೋ ಹೇಳಿದ ಕೂಡಲೇ ಅತ್ತೆ ತಾಟನ್ನು ಒಳಗೆ ಕಳಿಸಿಬಿಟ್ಟರು. ಇವಳಿಗೆ ಆ ಭಾಗ್ಯ ಇರಲಿಲ್ಲ. ಚಿಟಗುಪ್ಪದ ಕಡೆಯ ತವರಿನಲ್ಲಿ ಒಂಬತ್ತನೆಯವರೆಗೆ ಓದಿದ್ದಳು. ಅಲ್ಲಿಯ ಶಾಲೆಯ ಟಿ.ಸಿ. ಅವಳ ಟ್ರಂಕಿನಲ್ಲಿತ್ತು. ಅದರಲ್ಲಿ ಹುಟ್ಟಿದ ಹೆಸರು ಇತ್ತು. ಪರೀಕ್ಷೆಗೆ ಕಟ್ಟಲು ಟಿ.ಸಿ. ಮತ್ತು ಫೋಟೊ ಸಾಕಾಗಿತ್ತು.

ಆಮೇಲಿನ ಭಾನುವಾರಗಳಲ್ಲಿ ಅವಳು ಆ ಹೆಸರಿಗಾಗಿ ಕಾಯುತ್ತಿದ್ದಳು. ನಾನು ಪೂರ್ತಿ ಕರೆಯುವ ಮೊದಲೇ "ಹಾಜರ್ರೀ" ಎಂದು ಕೂಗುತ್ತಿದ್ದಳು. ಒಂದು ದಿನ ಹಾಜರಿ ಕರೆಯದೆ ಪಾಠ ಶುರು ಮಾಡಿದ್ದಕ್ಕೆ ತಕರಾರು ತೆಗೆದಳು.

ಅವಳ ಎಡಗೈ ಹೆಬ್ಬೆರಳಿನ ಮೇಲೆ ಒಮ್ಮೊಮ್ಮೆ ನೀಲಿ ಶಾಯಿ ಅಂಟಿರುತ್ತಿತ್ತು. ಹಾಸ್ಟೆಲ್ಲಿನ ಪಗಾರಕ್ಕೆ ಅವಳು ಹೆಬ್ಬೆಟ್ಟು ಒತ್ತುತ್ತಾಳೆಂದು ಜೊತೆಯ ಅಡುಗೆಯವಳೊಬ್ಬಳು ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಒಂಬತ್ತನೆಯವರೆಗೆ ಓದಿದವಳು, ಕನ್ನಡವನ್ನು ಗಟ್ಟಿ ದನಿಯಲ್ಲಿ ತಪ್ಪಿಲ್ಲದೆ ಓದುವವಳು, ಸಹಿ ಮಾಡಲು ಏನು ಧಾಡಿ? ಕೇಳಿದರೆ "ರೂಢಿ ಆಗ್ಯಾದ್ರಿ" ಎಂದು ಸೆರಗು ಬಾಯಿಗೆ ಹಿಡಿದಳು.

ಉತ್ತರ ಸಿಕ್ಕಿದ್ದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ. ಕ್ಲಾಸು ಮುಗಿದ ಮೇಲೆ ಒಂದು ದಿನ ಊಟಕ್ಕೆ ಎಳೆದುಕೊಂಡು ಹೋದಳು. ಹುಡುಗಿಯರ ಊಟ ಆಗಿತ್ತು. ನನಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ, ತಾನು ಮರುದಿನದ ಅಕ್ಕಿ ಹಸನು ಮಾಡುತ್ತ ಕೂತಳು. ಅಷ್ಟರಲ್ಲಿ ವಾರ್ಡನ್ ಹೊರಗಿನಿಂದ ಬೇರೊಂದು ಹೆಸರು ಕೂಗಿದರು. ಇವಳು "ಬಂದೆರೀ" ಎಂದು ಎದ್ದಳು. ತಿರುಗಿ ಬಂದಾಗ ನಾನು ಕೇಳಿದೆ, ಇದೇನಾ ಗಂಡನ ಮನೆಯಲ್ಲಿ ಇಟ್ಟ ಹೆಸರು ಎಂದು.

"ಹೌದ್ರಿ ಟೀಚರ್. ಖರೆ ಅಂದ್ರ ಅದು ನಮ್ಮ ಅಕ್ಕನ ಹೆಸರ್ರಿ."

"ಅಕ್ಕ ಅಂದ್ರ?"

"ನನ್ನ ಗಂಡನ ಮೊದಲಿನ ಹೇಣ್ತಿರಿ. ಬಾವ್ಯಾಗ ಬಿದ್ದು ಸತ್ತಾಳ. ಸತ್ತಾಕಿ ಕಾಡಬಾರದಂತ ನಮ್ಮ ಅತ್ತಿ ನನಗ ಅಕಿ ಹೆಸರೇ ಬರಸಿದ್ರು."

ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ, ಕಲ್ಲು ಆರಿಸುತ್ತಲೇ ಹೇಳಿದಳು. ಹೆಸರು ಅದೇ, ಗಂಡ ಅವನೇ, ಮನೆ ಅದೇ, ಹಾಗಾಗಿ ರೇಷನ್ ಕಾರ್ಡಿನಲ್ಲಿ ಏನನ್ನೂ ತಿದ್ದುವುದೇ ಬೇಕಾಗಲಿಲ್ಲ. ಮೊದಲಿನವಳ ಸಾವನ್ನು ಯಾರೂ ಬರೆಸಿರಲಿಲ್ಲ. ಮುಂದೆ ಆಧಾರ್ ಮಾಡುವವರು ಊರಿಗೆ ಬಂದಾಗ ಮನೆಯಲ್ಲಿದ್ದ ಅದೇ ಕಾಗದಗಳನ್ನು ತೋರಿಸಿದರು. ಫೋಟೊ ಇವಳದು, ಹೆಸರು ಅವಳದು, ಹುಟ್ಟಿದ ವರ್ಷವೂ ಅವಳದು. ಹಾಸ್ಟೆಲ್ಲಿನ ಕೆಲಸಕ್ಕೆ ಅದೇ ಕಾಗದದ ಮೇಲೆ ಸೇರಿದಳು. ಸತ್ತವಳಿಗೆ ಓದು ಬರುತ್ತಿರಲಿಲ್ಲ.

"ನಾ ಸಹಿ ಮಾಡಿದ್ರ ಯಾರರ ಕೇಳ್ತಾರಂತ ಅತ್ತಿ ಅಂದ್ರು. ಹಂಗಾಗಿ ಹೆಬ್ಬಟ್ಟ ಒತ್ತಿನ್ರಿ. ಒತ್ತಿ ಒತ್ತಿ ಅದೇ ಸರಿ ಅನಸಾಕತ್ತು."

ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಬಂದು "ಅವ್ವಾ, ಹಸಿವಿ ಆಗ್ಯಾದ" ಎಂದು ಇವಳ ಬೆನ್ನಿಗೆ ಜೋತುಬಿದ್ದಳು. ಇವಳು ಬಿಸಿ ರೊಟ್ಟಿಗೆ ತುಪ್ಪ ಸವರಿ, ಸುರುಳಿ ಮಾಡಿ ಕೈಗೆ ಕೊಟ್ಟು ಹೊರಗೆ ಕಳಿಸಿದಳು. ಹುಡುಗಿ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು.

"ಅಕ್ಕನ ಮಗಳ್ರಿ ಇಕಿ. ಅಕಿ ಹೋದಾಗ ಇನ್ನಾ ಅಂಬೆಗಾಲು ಇಡ್ತಿತ್ತು ಕೂಸು. ಇಕಿಗಿ ಖಬರ್ ಇಲ್ರಿ. ನಾನೇ ಹಡದೀನಂತ ತಿಳ್ಕೊಂಡಾಳ. ಊರಾಗ ಯಾರರ ಅಕ್ಕನ ಹೆಸರ ತಗದು ಮಾತಾಡಿದ್ರೂ ನಂದೇ ಅನ್ಕೋತಾಳ."

ಹೊಟ್ಟೆಯಲ್ಲಿ ಹುಟ್ಟಿದ್ದು ಇವಳಿಗೆ ಒಂದೂ ಇರಲಿಲ್ಲ. ಆಗಲಿಲ್ಲವೋ, ಬೇಡವೆಂದಳೋ ನಾನು ಕೇಳಲಿಲ್ಲ. ಕಾಗದಗಳದ್ದು ಮಾತ್ರ ಕೇಳಿದೆ, ನಾಳೆ ಪಾಸಾದ ಮೇಲೆ ಈ ಎರಡು ಹೆಸರಿಗೆ ಏನು ಮಾಡುತ್ತೀ ಎಂದು. "ಮೊದಲ ಪಾಸ್ ಆಗ್ಲಿ ತೊಗೋರಿ ಟೀಚರ್. ಪಾಸಾದ್ರ ಎಲ್ಲಾ ಬರಾಬರ್ ಆಗ್ತದ" ಎಂದಳು. ವಕೀಲರ ಹತ್ತಿರ ಒಂದು ಅಫಿಡವಿಟ್ ಮಾಡಿಸಿದರೆ ಮುಗಿಯಿತು ಎಂದೇ ನಾನೂ ತಿಳಿದೆ. ಹೆಸರು ಬದಲಾದ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನು?

ಪರೀಕ್ಷೆಯ ಕೇಂದ್ರ ಹುಮನಾಬಾದಿನಲ್ಲಿ ಬಿತ್ತು. ಆ ದಿನಗಳಲ್ಲಿ ಅವಳು ನಮ್ಮ ಮನೆಯಲ್ಲೇ ಉಳಿದಳು. ಬೇಡವೆಂದರೂ ಕೇಳದೆ ಅಡುಗೆಮನೆಗೆ ನುಗ್ಗಿದಳು. ನಾವು ಮನೆಯಲ್ಲಿ ಇಬ್ಬರೇ. ಅವಳಿಗೆ ಸ್ವಲ್ಪ ಅಡುಗೆ ಮಾಡಿ ಗೊತ್ತೇ ಇರಲಿಲ್ಲ. ಅವಳು ಮಾಡಿದ ಸಾರನ್ನು ಓಣಿಯವರೆಲ್ಲ ಉಂಡರು. ಉಪ್ಪಿಟ್ಟಿಗೆ ರವೆ ಹುರಿಯುತ್ತ "ಇಷ್ಟೇ ಇಷ್ಟು ಮಾಡೂದಂದ್ರ ಕೈ ನಡಗ್ತಾವ್ರಿ" ಎಂದು ನಗುತ್ತಿದ್ದಳು. ನನ್ನ ಯಜಮಾನರಂತೂ ಅವಳು ಪ್ರತಿ ವರ್ಷ ಪರೀಕ್ಷೆಗೆ ಬರಲಿ ಎಂದು ಹಾರೈಸಿದರು.

ಹಾರೈಕೆ ಫಲಿಸಿತು. ಉಳಿದದ್ದೆಲ್ಲ ಹೇಗೋ ದಾಟಿ ಗಣಿತದಲ್ಲಿ ಬಿದ್ದಳು. ಆ ದಿನ ಹಾಲ್‌ನಿಂದ ಹೊರಬಂದಾಗ ಪೇಪರ್ ಹೇಗಿತ್ತು ಎಂದು ಕೇಳಿದ್ದಕ್ಕೆ "ಪೇಪರ್ ಛಲೋ ಇತ್ರಿ, ನನಗೇ ಬರಲಿಲ್ಲ" ಎಂದಿದ್ದಳು. ನಾನು ಸಿಟ್ಟಿನಿಂದ ಒಂದು ವಾರ ಫೋನು ಎತ್ತಲಿಲ್ಲ. ಅವಳು ಮಾತ್ರ ಮುಂದಿನ ಭಾನುವಾರ ಮುಂದಿನ ಬೆಂಚಿನಲ್ಲೇ ಬಂದು ಕೂತಳು.

ಎರಡನೆಯ ಸಲ ಅವಳು ಗಣಿತವನ್ನು ತನ್ನದೇ ರೀತಿಯಲ್ಲಿ ಹಿಡಿದಳು. ಲೆಕ್ಕ ಬರುವುದಿಲ್ಲ ಎಂದು ಒಪ್ಪಿಕೊಂಡು, ಪ್ರಮೇಯಗಳನ್ನು ಪೂರ್ತಿ ಬಾಯಿಪಾಠ ಮಾಡಿದಳು. ಬೆಳಗ್ಗೆ ರೊಟ್ಟಿ ಬಡಿಯುವಾಗ ಬಡಿತಕ್ಕೊಂದು ಸಾಲು. ದತ್ತ, ಸಾಧನೀಯ, ರಚನೆ, ಸಾಧನೆ. ಹಾಸ್ಟೆಲ್ಲಿನ ಹುಡುಗಿಯರು ತಿಂಡಿಗೆ ಸಾಲು ನಿಂತಾಗ ತಪ್ಪಿದರೆ ತಿದ್ದುತ್ತಿದ್ದರಂತೆ. ಯಾಕೆ ಹಾಗೆ, ಏನದರ ಅರ್ಥ ಎಂದರೆ ಅವಳಿಗೆ ಗೊತ್ತಿಲ್ಲ. ನಾನು ಗೊಣಗಿದೆ, ಗಣಿತ ಅಂದರೆ ಭಜನೆಯಲ್ಲ ಎಂದೆ. ಪರೀಕ್ಷೆಯ ಹಾಲ್‌ನಲ್ಲಿ ಅವಳು ಅಂಗೈಯಿಂದ ಡೆಸ್ಕು ಬಡಿದು ಬಡಿದು ನೆನಪು ಮಾಡಿಕೊಳ್ಳುತ್ತಿದ್ದುದಕ್ಕೆ ಮೇಲ್ವಿಚಾರಕರು ಎರಡು ಸಲ ಗದರಿದರಂತೆ. ಅವಳು ಡೆಸ್ಕು ಬಿಟ್ಟು ತೊಡೆ ಬಡಿದುಕೊಂಡು ಬರೆದಳು. ಪಾಸಾದಳು.

ಫಲಿತಾಂಶದ ದಿನ ಅವಳು ಫೋನಿನಲ್ಲಿ ಮಾತಾಡಲಿಲ್ಲ, ಬರೀ ಉಸಿರಾಡಿದಳು. "ಏನಾಯ್ತೇ ಯವ್ವಾ, ಮಾತಾಡ" ಎಂದು ನಾನು ಕೂಗಿದ ಮೇಲೆ "ಟೀಚರ್, ನನ್ನ ಹೆಸರ ಬಂದದ್ರಿ" ಎಂದಳು. ಮಗಳಿಗೆ ಹೇಳಿದೆಯಾ ಎಂದು ಕೇಳಿದೆ. ಇಲ್ಲ, ನೌಕರಿಯ ಆರ್ಡರ್ ಕೈಗೆ ಬಂದ ಮೇಲೆ ಎರಡೂ ಕೂಡಿಸಿ ಹೇಳುತ್ತೇನೆ ಎಂದಳು. ಅದಾಗಲೇ ಕಾಯಂ ಅಡುಗೆಯವರ ಅರ್ಜಿ ಕರೆದಿದ್ದರು.

ದಾಖಲೆ ನೋಡುವ ದಿನ ಜಿಲ್ಲಾ ಕಚೇರಿಗೆ ನಾನೂ ಅವಳ ಜೊತೆ ಹೋದೆ. ಅಫಿಡವಿಟ್ ಮಾಡಿಸಿಕೊಂಡೇ ಹೋಗಿದ್ದೆವು. ಮೇಜಿನ ಹಿಂದಿದ್ದ ಗುಮಾಸ್ತ ಕೆಟ್ಟವನಲ್ಲ. ಕೂಡಲು ಕುರ್ಚಿ ಕೊಟ್ಟ, ಕಾಗದಗಳನ್ನು ಎರಡು ಕಡೆ ಜೋಡಿಸಿ ನೋಡಿದ, ಆಮೇಲೆ ಕನ್ನಡಕ ತೆಗೆದಿಟ್ಟ.

"ಟೀಚರ್, ಹೆಸರ ಒಂದೇ ಬದಲಾಗಿದ್ರ ಅಫಿಡವಿಟ್ ನಡೀತಿತ್ರಿ. ಇಲ್ಲಿ ಹುಟ್ಟಿದ ತಾರೀಖು ಬ್ಯಾರೆ, ತಂದಿ ಬ್ಯಾರೆ, ಹುಟ್ಟಿದೂರ ಬ್ಯಾರೆ. ಇದು ಇಬ್ಬರ ಮನಷ್ಯಾರದು ಅದ. ಹತ್ತನೇದು ಪಾಸಾದಾಕಿಗಿ ಆಧಾರೇ ಇಲ್ಲ, ಒಂದಿನಾನೂ ಅಡಗಿ ಮಾಡಿಲ್ಲ. ಅಡಗಿ ಮಾಡಿದಾಕಿಗಿ ಸಹಿ ಮಾಡಾಕೂ ಬರೂದಿಲ್ಲ. ನಾ ಯಾರಿಗಿ ಆರ್ಡರ್ ಕೊಡ್ಲಿ ಹೇಳ್ರಿ?"

ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅವನು 'ಅಲ್ಲಾ' ಎಂದು ತಲೆಗೆ ಕೈ ಹಚ್ಚಿದ. ದಾರಿ ಇದೆ, ಆದರೆ ಉದ್ದದ ದಾರಿ ಎಂದ. ಮೊದಲಿನವಳ ಸಾವು ಬರೆಸಬೇಕು. ಅದಕ್ಕೆ ಕೋರ್ಟಿನ ಆದೇಶ ಬೇಕು. ಪೇಪರಿನಲ್ಲಿ ಇಬ್ಬರ ಹೆಸರೂ ಹಾಕಿ ಜಾಹೀರಾತು ಕೊಡಬೇಕು, ಊರಿನಲ್ಲಿ ಪಂಚರ ಮುಂದೆ ಹೇಳಿಕೆ ಆಗಬೇಕು, ಹೇಗೆ ಸತ್ತಳೆಂದು ಕೇಳುತ್ತಾರೆ. "ಮತ್ತ ಮಗಳ ಶಾಲಿ ದಾಖಲೇನೂ ತಿದ್ದಬೇಕಾಗ್ತದ್ರಿ, ತಾಯಿ ಹೆಸರಿನ ಮುಂದ ಮರಣ ಅಂತ" ಎಂದ. ಸ್ವಲ್ಪ ದಿನ ಕಾಯುವಂತೆ ಮೇಲಿನವರಿಗೆ ಹೇಳಿನೋಡುತ್ತೇನೆ, ಊರಿನಿಂದ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿದ.

ನಾನು ಬಿಡುವವಳಲ್ಲ. ಮರುದಿನವೇ ಅವಳನ್ನು ಕರೆದುಕೊಂಡು ಅವಳ ಅತ್ತೆಯ ಮುಂದೆ ಹೋಗಿ ಕೂತೆ. ಮುದುಕಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ, ಆದರೆ ಅವಳು ನನಗೆ ಜಗಳಕ್ಕೆ ಜಾಗವೇ ಕೊಡಲಿಲ್ಲ.

"ನಾ ಬರ್ತೀನಿ ಅಕ್ಕೋರೆ. ಎಲ್ಲಿ ಕರೀತೀರಿ ಅಲ್ಲಿ ಬಂದು ಹೆಬ್ಬಟ್ಟ ಒತ್ತತೀನಿ. ಪೊಲೀಸರು ಒಯ್ದ್ರ ಒಯ್ಯಲಿ, ನಂದೇನ್ ಉಳದದ ಇನ್ನ? ಕೂಸಿಗಿ ಯಾರು ಹೇಳ್ತೀರಿ, ಅದೊಂದ ಹೇಳ್ರಿ. ನಮ್ಮವ್ವ ಕಾಲ ಜಾರಿ ಬಿದ್ಳೋ, ತಾನೇ ಹಾರಿದ್ಳೋ ಅಂತ ಕೇಳ್ತದ. ಏನ್ ಹೇಳ್ತೀರಿ?"

"ಏನಾಗಿತ್ತು?" ಎಂದು ನಾನು ಕೇಳಿದೆ.

ಮುದುಕಿ ಶೇಂಗಾದ ಸಿಪ್ಪೆಯನ್ನು ಉಡಿಯಿಂದ ಜಾಡಿಸಿದಳು. "ಕೊಡ ದಂಡಿ ಮ್ಯಾಲೇ ಇತ್ತು ಅಕ್ಕೋರೆ. ತುಂಬಿದ ಕೊಡ" ಎಂದಳು.

ತುಂಬಿದ ಕೊಡವನ್ನು ದಂಡೆಯ ಮೇಲಿಟ್ಟ ಮೇಲೆ ನೀರು ಸೇದುವಾಗ ಕಾಲು ಜಾರಿತೆಂದು ಯಾರೂ ಹೇಳಲಾರರು. ಇವಳು ನೆಲ ನೋಡುತ್ತ ಕೂತಿದ್ದಳು. ಇವಳಿಗೂ ಅದು ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

ಬಸ್ಸಿನಲ್ಲಿ ನಾನು ಅವಳಿಗೆ ಬುದ್ಧಿ ಹೇಳಿದೆ. ಹುಡುಗಿ ಒಂಬತ್ತನೆಯದರಲ್ಲಿದ್ದಾಳೆ, ಚಿಕ್ಕವಳಲ್ಲ, ಇಂದಲ್ಲ ನಾಳೆ ಗೊತ್ತಾಗಲೇಬೇಕು, ನೀನೇ ಹೇಳಿದರೆ ತಡೆದುಕೊಳ್ಳುತ್ತಾಳೆ. ಅವಳು ಕಿಟಕಿಯ ಹೊರಗಿನ ತೊಗರಿ ಹೊಲಗಳನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಟೀಚರ್, ನಿನ್ನ ಹಡದಾಕಿ ನಿನ್ನ ಬಿಟ್ಟು ಬಾವಿಗಿ ಹೋದ್ಳು ಅಂತ ನಾ ನನ್ನ ಬಾಯ್ಲೆ ಹೇಳ್ಲೇನ್ರಿ? ನಾ ಕಾಯಂ ಆಗೂದು ಸಲುವಾಗಿ?"

"ಹಂಗಾದ್ರ ಎರಡು ವರ್ಷ ನನ್ನ ತಲಿ ಯಾಕ ತಿಂದಿ?" ಎಂದು ಕೂಗಿಬಿಟ್ಟೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವಳು ಸಿಟ್ಟಾಗಲಿಲ್ಲ. ಜಗಳಕ್ಕೆ ಹೆಸರಾದವಳು ಆ ದಿನ ಒಂದು ಮಾತನ್ನೂ ತಿರುಗಿ ಆಡಲಿಲ್ಲ. ಇಳಿಯುವ ಮೊದಲು ಚೀಲದಿಂದ ಅಂಕಪಟ್ಟಿ ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಇದು ನಿಮ್ಮ ಹಂತ್ಯಾಕ ಇರ್ಲಿ. ನನ್ನ ಟ್ರಂಕಿಗಿ ಅಕಿ ಕೈ ಹಾಕ್ತಾಳ. ಪಾಸಾಗ್ಯಾಳಂದ್ರ ಕಾಯಂ ಯಾಕ ಆಗ್ಲಿಲ್ಲಂತ ಬೆನ್ನ ಹತ್ತತಾರ. ಯಾರರ ಕೇಳಿದ್ರ ಫೇಲ್ ಆದ್ಳು ಅನ್ರಿ."

"ನಾ ಅನ್ನೂದಿಲ್ಲ" ಎಂದೆ. "ಪಾಸಾದ ಹುಡುಗೀನ ಫೇಲ್ ಅಂತ ನನ್ನ ಬಾಯ್ಲೆ ನಾ ಎಂದೂ ಹೇಳೂದಿಲ್ಲ. ಬೇಕಾದ್ರ ನೀನೇ ಹೇಳ್ಕೋ."

ಅವಳೇ ಹೇಳಿಕೊಂಡಳು. ಎರಡನೆಯ ಸಲವೂ ಹೋಯಿತು ಎಂದು ವಾರ್ಡನ್‌ಗೆ ಹೇಳಿದಳು, ಹಾಸ್ಟೆಲ್ಲಿನ ಹುಡುಗಿಯರಿಗೆ ಹೇಳಿದಳು, ಮಗಳಿಗೆ ಹೇಳಿದಳು. ಅವಳ ಜೊತೆ ಕ್ಲಾಸಿಗೆ ಬರುತ್ತಿದ್ದವರು ಅಯ್ಯೋ ಪಾಪ ಎಂದರು. ಆರು ತಿಂಗಳೊಳಗೆ ಹಾಸ್ಟೆಲ್ಲಿಗೆ ಕಾಯಂ ಅಡುಗೆಯವಳಾಗಿ ಬೇರೆ ತಾಲೂಕಿನ ಒಬ್ಬ ಹುಡುಗಿ ಬಂದಳು. ಹತ್ತನೆಯದು ಒಳ್ಳೆಯ ಅಂಕದಲ್ಲಿ ಪಾಸಾಗಿದ್ದಳು, ಅಷ್ಟು ಜನಕ್ಕೆ ಹಿಟ್ಟು ಕಲಸಿ ಗೊತ್ತಿರಲಿಲ್ಲ. ಇವಳು ಅವಳ ಕೈಕೆಳಗೆ ಸಹಾಯಕಿಯಾದಳು. ಗುತ್ತಿಗೆಯಲ್ಲೇ ಮುಂದುವರಿಸಿದರು, ಕೋಣೆ ಮಾತ್ರ ಉಳಿಯಿತು. ಆ ಹುಡುಗಿಗೆ ಹಿಟ್ಟು ಕಲಸುವುದನ್ನು ಇವಳೇ ಹೇಳಿಕೊಟ್ಟಳು. ನನಗೆ ಇದನ್ನು ಕೇಳಿ ಮೈ ಉರಿಯಿತು. "ಅಕಿದೇನ್ ತಪ್ಪದರಿ ಟೀಚರ್, ಪಾಪ ಅಕಿನೂ ಬಡವ್ರ ಮಗಳು" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಇನ್ನೂ ಒಂದು ಕೇಳಿ. ಮಗಳು ಹತ್ತನೆಯದಕ್ಕೆ ಬಂದಾಗ, ಅವ್ವ ಫೇಲಾಗಿದ್ದಾಳೆ, ತಾನೇ ಕಲಿಸಿ ಪಾಸು ಮಾಡಿಸುತ್ತೇನೆ ಎಂದು ಹಟ ಹಿಡಿದಳು. ಸಂಜೆ ಪಾತ್ರೆ ತೊಳೆದ ಮೇಲೆ ಅವ್ವನನ್ನು ಕೂರಿಸಿ ಪಾಠ. ಇವಳು ಬಾಯಿಪಾಠವೆಲ್ಲ ಮರೆತವಳಂತೆ ಪಾಟಿ ಹಿಡಿದು ಕೂರುತ್ತಿದ್ದಳು. ಒಮ್ಮೆ ಫೋನು ಮಾಡಿ ನಕ್ಕಳು: "ನಿನ್ನೆ ಸಮರೂಪ ತ್ರಿಭುಜದ ಪ್ರಮೇಯ ಹೇಳಿಕೊಟ್ಟಳ್ರಿ ಟೀಚರ್. ನಡುವ ಒಂದು ಸಾಲ ತಪ್ಪಿದ್ಳು. ಬಾಯಿ ತನಕ ಬಂತು ನೋಡ್ರಿ, ನುಂಗಿ ಕೂತೆ." ನನಗೆ ನಗು ಬರಲಿಲ್ಲ. ಮುಂದೆ ಕಾಲೇಜಿಗೆ ಹೋದಾಗಲೂ ಹುಡುಗಿ ರಜೆಗೆ ಬಂದರೆ ಇದೇ ಪಾಠ. ಪರೀಕ್ಷೆಗೆ ಕಟ್ಟೋಣವೆಂದು ಅವಳು ಅಂದಾಗೆಲ್ಲ ಇವಳಿಗೆ ಸೊಂಟ ನೋವು, ಹಾಸ್ಟೆಲ್ಲಿನಲ್ಲಿ ಕೆಲಸ, ಊರಿನಲ್ಲಿ ಅತ್ತೆಗೆ ಹುಷಾರಿಲ್ಲ. ಮಗಳು ಬೈಯುತ್ತಿದ್ದಳಂತೆ, ನಿನಗೆ ಧೈರ್ಯವೇ ಇಲ್ಲ ಎಂದು. ಅದನ್ನೂ ಇವಳೇ ನನಗೆ ಹೇಳಿದ್ದು.

ಹುಡುಗಿ ಈಗ ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವ್ವನ ಜ್ವರದ ದಿನಗಳಲ್ಲಿ ಅವಳೇ ಪಕ್ಕದಲ್ಲಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ನಾನು ಅವಳ ಗಂಡನ ಊರಿಗೆ ಹೋದೆ. ಗಂಡ ಪುಣೆಯಿಂದ ಬಂದಿದ್ದ. ಹಬ್ಬದಲ್ಲೊಮ್ಮೆ ಹಾಸ್ಟೆಲ್ಲಿನಲ್ಲಿ ಕಂಡಿದ್ದೆ, ಆದರೆ ತಲೆ ಬೋಳಿಸಿಕೊಂಡಿದ್ದರಿಂದ ಮೊದಲಿಗೆ ಗುರುತು ಹತ್ತಲಿಲ್ಲ. ಮುದುಕಿ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣು ಪೂರ್ತಿ ಹೋಗಿದ್ದವು. ಬಂದ ಹೆಂಗಸರು ಸತ್ತವಳ ಹೆಸರು ಹಿಡಿದು ಅಳುತ್ತಿದ್ದರು. ಅವರು ಕರೆದು ಅಳುತ್ತಿದ್ದ ಹೆಸರು ನನ್ನ ವಿದ್ಯಾರ್ಥಿನಿಯದಲ್ಲ. ಮರಣದ ದಾಖಲೆಯೂ ಆ ಹೆಸರಿಗೇ ಆಗುತ್ತದೆ ಎಂದು ಗಂಡ ಹೇಳಿದ. ಆಸ್ಪತ್ರೆಯ ಕಾಗದದಲ್ಲಿ ಇದ್ದದ್ದೇ ಆ ಹೆಸರು, ಗುತ್ತಿಗೆದಾರ ಕೂಡಿಟ್ಟ ಪಿ.ಎಫ್. ಬರುವುದೂ ಆ ಹೆಸರಿಗೆ. ಬಾವಿಗೆ ಬಿದ್ದವಳ ಸಾವು ಅಂತೂ ಸರ್ಕಾರದಲ್ಲಿ ಬರೆದಾಯಿತು. ಹತ್ತನೆಯದು ಪಾಸಾದವಳು ಎಲ್ಲಿಯೂ ಸತ್ತಿಲ್ಲ. ನನಗೆ ಅಲ್ಲಿ ಚೀರಬೇಕೆನಿಸಿತು. ಅವನಿಗೆ ನಾಲ್ಕು ಮಾತು ಅನ್ನಬೇಕೆಂದು ಬಾಯಿ ತೆರೆದೆ. ಅವನು ಆಸ್ಪತ್ರೆಯ ಕಾಗದವನ್ನು ಮಡಚುತ್ತ ಬಿಚ್ಚುತ್ತ ನಿಂತಿದ್ದ. ಬೈಗುಳ ಬಿಟ್ಟು, ಹೆಂಗಸರ ನಡುವೆ ಹೋಗಿ ಕೂತೆ.

ಹುಡುಗಿ ನನಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಮುಖ ಬಾಡಿತ್ತು, ಆದರೆ ಆಸ್ಪತ್ರೆಯಲ್ಲಿ ಕೆಲಸ ಕಲಿತ ಹುಡುಗಿ, ನೆಟ್ಟಗೆ ಮಾತಾಡಿದಳು.

"ಟೀಚರ್, ಅವ್ವ ನಿಮ್ಮದು ಭಾಳ ಹೇಳ್ತಿದ್ಳ್ರಿ. ಒಂದ ಕೇಳ್ಬೇಕಿತ್ತು ನಿಮಗ. ಅವ್ವ ಎರಡನೇ ಸಲನೂ ಗಣಿತದಾಗೇ ಫೇಲ್ ಆಗಿದ್ಳೇನ್ರಿ? ನಾ ಎಷ್ಟ್ ಸಲ ಕೇಳಿದ್ರೂ ನಗ್ತಿದ್ಳು, ಹೇಳ್ತಿದ್ದಿಲ್ಲ."

ಅಂಗಳದಲ್ಲಿ ಹೆಂಗಸರ ಮಾತು ನಿಂತಿತು. ಮೂಲೆಯಿಂದ ಮುದುಕಿ ಕುರುಡುಗಣ್ಣನ್ನು ನನ್ನ ಕಡೆ ತಿರುಗಿಸಿದಳು. ಇಷ್ಟು ವರ್ಷ ಅಜ್ಜಿ, ಅಪ್ಪ, ಅವ್ವ ಮೂವರೂ ಗುಟ್ಟು ಬಿಡದೆ ಸಾಕಿದ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗಣಿತದಾಗ ಹೋಯ್ತವ್ವಾ" ಎಂದೆ.

ಹುಡುಗಿ ತಲೆಯಾಡಿಸಿದಳು. "ನಂಗ ಅನಸಿತ್ತುರಿ" ಎಂದಳು. ಇದ್ದಕ್ಕಿದ್ದಂತೆ ಮೊಣಕಾಲಿನಲ್ಲಿ ಮುಖ ಮುಚ್ಚಿಕೊಂಡಳು. "ನಾನೇ ಕಲಸ್ತಿದ್ದಿನ್ರಿ ಅಕಿಗಿ ಗಣಿತ. ನನಗ ಕಲಸಾಕ ಬರಲಿಲ್ಲ ನೋಡ್ರಿ ಟೀಚರ್. ಜರಾ ಛಲೋ ಕಲಸಿದ್ರ ಪಾಸ್ ಆಗಿ ಹೋಗ್ತಿದ್ಳು ನಮ್ಮವ್ವ."

ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ.